ಸಿಂಗಲ್ಸ್ ಡ್ರಾ ತಪ್ಪದಂತೆ ಹಾಕುವುದು ಹೇಗೆ: ಕೊಡಗಿನ ಟೆನಿಸ್ ಟೂರ್ನಿಗಳಿಗೆ ಸಮಗ್ರ ಮಾರ್ಗದರ್ಶಿ

23 ಎಂಟ್ರಿ ಬಂದಿವೆ ಎಂದುಕೊಳ್ಳಿ. ಹೆಸರು ಬಂದ ಕ್ರಮದಲ್ಲೇ ಇಬ್ಬಿಬ್ಬರನ್ನು ಜೋಡಿಸಿದರೆ 11 ಪಂದ್ಯ ಆಗಿ ಒಬ್ಬರು ಉಳಿಯುತ್ತಾರೆ. ಅವರಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಕೊಟ್ಟರೆ ಮುಂದಿನ ಸುತ್ತಿಗೆ 12 ಮಂದಿ, ಅದರ ಮುಂದಕ್ಕೆ 6, ಆಮೇಲೆ 3. ಸೆಮಿಫೈನಲ್‌ಗೆ ಮೂವರು ಬಂದು ನಿಂತಾಗ ಒಬ್ಬರನ್ನು ಆಡಿಸದೆ ಫೈನಲ್‌ಗೆ ಕಳಿಸಬೇಕಾಗುತ್ತದೆ. ಜಗಳ ಶುರುವಾಗುವುದು ಅಲ್ಲಿ. ಆದರೆ ತಪ್ಪು ನಡೆದದ್ದು ಮೊದಲ ಸುತ್ತಿನ ಹಾಳೆಯಲ್ಲೇ.

ವೃತ್ತಿಪರ ಟೂರ್ನಿಗಳಲ್ಲಿ ಹೀಗಾಗದಿರಲು ಕಾರಣ ಅವರ ಕೆಲಸದ ಕ್ರಮ. ಮೊದಲು ಡ್ರಾದ (ಯಾರ ಎದುರು ಯಾರು ಎಂಬ ಪಟ್ಟಿಯ) ಗಾತ್ರ, ಆಮೇಲೆ ಸೀಡ್ (ಬೇಗ ಎದುರಾಗದಂತೆ ದೂರ ದೂರ ಕೂರಿಸುವ ಬಲಿಷ್ಠ ಆಟಗಾರರು), ಆಮೇಲೆ ಬೈ, ಕೊನೆಗೆ ಉಳಿದ ಹೆಸರುಗಳು. ಗ್ರ್ಯಾಂಡ್ ಸ್ಲಾಮ್‌ನ 128 ಹೆಸರಿಗೂ ನಿಮ್ಮ 23 ಹೆಸರಿಗೂ ಈ ಕ್ರಮ ಒಂದೇ. ಇದರಲ್ಲಿ ಒಂದು ಹೆಜ್ಜೆ ಹಿಂದುಮುಂದಾದರೂ ಹಾಳೆ ಕೆಡುತ್ತದೆ. ಈ ಬರಹದ ಉದ್ದಕ್ಕೂ 23 ಹೆಸರಿನ ಉದಾಹರಣೆಯನ್ನೇ ಹಿಡಿದು ಹೋಗೋಣ.

ಬೇಕಾಗುವ ಸಾಮಾನು

32 ಸಾಲಿನ ಖಾಲಿ ಡ್ರಾ ಹಾಳೆ ಎರಡು: ಒಂದು ಕಚ್ಚಾ ಕೆಲಸಕ್ಕೆ, ಒಂದು ಅಂತಿಮಕ್ಕೆ. ಎಡಗಡೆ 1ರಿಂದ 32ರವರೆಗೆ ಸಾಲಿನ ಸಂಖ್ಯೆಗಳು ಮೊದಲೇ ಅಚ್ಚಾಗಿರಬೇಕು. ಚೀಟಿ ಎತ್ತಲು ಕ್ಲಬ್ಬಿನ ತಂಬೋಲಾ ಬಿಲ್ಲೆಗಳಿಗಿಂತ ಒಳ್ಳೆಯದು ಬೇರೆ ಇಲ್ಲ. ಎಲ್ಲವೂ ಒಂದೇ ಗಾತ್ರ, ಒಂದೇ ತೂಕ, ಸಂಖ್ಯೆ ಸ್ಪಷ್ಟ. ಕಾಗದದ ಚೀಟಿಯಾದರೆ ಒಂದು ಚಿಕ್ಕದಾಗಿ, ಒಂದು ದಪ್ಪಗೆ ಮಡಿಚಿಕೊಂಡು, ಕೈಗೆ ಗುರುತು ಸಿಕ್ಕಿತು ಎಂಬ ಅನುಮಾನಕ್ಕೆ ದಾರಿಯಾಗುತ್ತದೆ. ಜೊತೆಗೆ ಒಂದು ಚೀಲ, ಎಂಟ್ರಿ ಪಟ್ಟಿ, ಪೆನ್ಸಿಲ್, ರಬ್ಬರ್, ಕೊನೆಗೆ ಸಹಿಗೆ ಪೆನ್ನು. ಕಂಪ್ಯೂಟರಿನಲ್ಲಿ ಹಾಕಿದರೂ ಆದೀತು. ಆದರೆ ಹತ್ತು ಜನರ ಕಣ್ಣೆದುರು ಎತ್ತಿದ ಬಿಲ್ಲೆಗೆ ಸಿಗುವ ನಂಬಿಕೆ ಪ್ರಿಂಟ್ ತೆಗೆದು ಅಂಟಿಸಿದ ಹಾಳೆಗೆ ಸಿಗುವುದಿಲ್ಲ.

ಹಂತ 1: ದಿನ ನಿಗದಿ ಮಾಡಿ, ಎಂಟ್ರಿ ಮುಚ್ಚಿ

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಾಂಗಣ ಟೂರ್ನಿಯ ಮಾತೇ ಬೇಡ. ಉಳಿದ ತಿಂಗಳುಗಳಲ್ಲೂ ಎಚ್ಚರ ಬೇಕು. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಅದರ ಹಿಂದೆಯೇ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು ಹಾಯಿಸಲು ತೋಟದಲ್ಲಿ ಸ್ಪ್ರಿಂಕ್ಲರ್ ಓಡುತ್ತಿದ್ದರೆ ಬೆಳೆಗಾರ ಆಟಗಾರರು ಅಂಕಣಕ್ಕೆ ಬರಲಾರರು. ಏಪ್ರಿಲ್, ಮೇ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿಯ ಕಾಲ. ಅದೇ ವಾರಾಂತ್ಯಕ್ಕೆ ಟೆನಿಸ್ ಇಟ್ಟರೆ ಅರ್ಧ ಡ್ರಾ ವಾಕ್‌ಓವರ್ (ಎದುರಾಳಿ ಬಾರದೆ ಸಿಗುವ ಗೆಲುವು) ಆದೀತು. ಯಾವ ದಿನ ಇಟ್ಟರೂ ಕೊನೆಯ ಗಳಿಗೆಯಲ್ಲಿ ಒಬ್ಬಿಬ್ಬರು ಬರುವುದಿಲ್ಲ ಎಂದೇ ಲೆಕ್ಕ ಹಾಕಿ, ಕಾಯುವ ಪಟ್ಟಿಯೊಂದನ್ನು ಮಾಡಿಡಿ.

ಎಂಟ್ರಿ ಮುಚ್ಚುವ ದಿನ, ಗಂಟೆ ಎರಡನ್ನೂ ಬರೆದು ಹಾಕಿ. ಡ್ರಾ ಹಾಕುವುದು ಅದಕ್ಕಿಂತ ಕನಿಷ್ಠ ಒಂದು ದಿನ ಆಮೇಲೆ. ತಡವಾಗಿ ಬಂದ ಹೆಸರುಗಳು, ಎಷ್ಟೇ ಬೇಕಾದವರದ್ದಾದರೂ, ಕಾಯುವ ಪಟ್ಟಿಗೆ ಹೋಗಬೇಕು.

ಹೆಸರನ್ನು ಮನೆತನದ ಹೆಸರು ಸಮೇತ ಬರೆಸಿಕೊಳ್ಳಿ. ಪೊನ್ನಪ್ಪ, ಮುತ್ತಣ್ಣ, ಬೋಪಣ್ಣ ಎಂದಷ್ಟೇ ಬರೆದರೆ ಒಂದೇ ಡ್ರಾದಲ್ಲಿ ಇಬ್ಬರು ಬಂದುಬಿಡುತ್ತಾರೆ. ಬೆಳಿಗ್ಗೆ 9ಕ್ಕೆ ಕರೆದಾಗ ತಪ್ಪು ಮುತ್ತಣ್ಣ ಅಂಕಣಕ್ಕೆ ಇಳಿದಿರುತ್ತಾರೆ. ಫೋನ್ ನಂಬರ್, ಯಾವ ಊರಿನಿಂದ ಬರುತ್ತಾರೆ ಎಂಬುದೂ ಇರಲಿ. ಕುಟ್ಟದಿಂದ ಮಡಿಕೇರಿಗೆ ಬರುವವರನ್ನು ಮೊದಲ ಪಂದ್ಯಕ್ಕೆ ಹಾಕದಿರಲು ಇದು ಬೇಕು.

ಹಂತ 2: ಗಾತ್ರ ಮತ್ತು ಬೈ ಲೆಕ್ಕ

ಡ್ರಾದ ಗಾತ್ರ 8, 16, 32, 64, 128 ಇಷ್ಟರಲ್ಲಿ ಒಂದಾಗಿರಬೇಕು. ಎಂಟ್ರಿಗೆ ಸಮನಾದ ಅಥವಾ ಅದಕ್ಕಿಂತ ದೊಡ್ಡದಾದ ಮೊದಲ ಸಂಖ್ಯೆಯನ್ನು ಹಿಡಿಯಿರಿ. 23ಕ್ಕೆ 32. ಗಾತ್ರದಿಂದ ಎಂಟ್ರಿಯನ್ನು ಕಳೆದರೆ ಬೈ ಸಂಖ್ಯೆ: 32ರಲ್ಲಿ 23 ಹೋದರೆ 9.

ಇನ್ನು ತಾಳೆ ನೋಡಿ. 9 ಮಂದಿಗೆ ಬೈ ಹೋದರೆ ಮೊದಲ ಸುತ್ತಿನಲ್ಲಿ ಆಡುವವರು 14, ಅಂದರೆ 7 ಪಂದ್ಯ. ಗೆದ್ದ 7 ಮಂದಿಗೆ ಬೈ ಪಡೆದ 9 ಸೇರಿದರೆ 16. ಅಲ್ಲಿಂದ 8, 4, 2 ಎಂದು ಸಲೀಸಾಗಿ ಇಳಿಯುತ್ತದೆ. ಒಟ್ಟು ಪಂದ್ಯಗಳು ಯಾವಾಗಲೂ ಎಂಟ್ರಿಗಿಂತ ಒಂದು ಕಡಿಮೆ, ಇಲ್ಲಿ 22. ಈ ಮೂರು ಲೆಕ್ಕ ಕೂಡಿಬರದಿದ್ದರೆ ಮುಂದಕ್ಕೆ ಹೋಗಬೇಡಿ.

ಮರೆಯಬಾರದ ಮಾತು: ಬೈ ಇರುವುದು ಮೊದಲ ಸುತ್ತಿನಲ್ಲಿ ಮಾತ್ರ. ಎರಡನೇ ಸುತ್ತಿನಲ್ಲಿ ಬೈ ಕಾಣಿಸಿತು ಎಂದರೆ ಗಾತ್ರವನ್ನೇ ತಪ್ಪಾಗಿ ಹಿಡಿದಿದ್ದೀರಿ.

17, 18 ಎಂಟ್ರಿ ಬಂದರೆ 32ರ ಡ್ರಾದಲ್ಲಿ ಹಾಳೆಯ ತುಂಬ ಬೈಗಳೇ ಕಾಣುತ್ತವೆ. ಆಗ ವೃತ್ತಿಪರ ಟೂರ್ನಿಗಳ ಹಾಗೆ ಅರ್ಹತಾ ಸುತ್ತು ಇಡುವುದು ಮೇಲು. 18 ಮಂದಿ ಇದ್ದರೆ 14 ಮಂದಿಗೆ ನೇರ ಪ್ರವೇಶ, ಕೊನೆಯ ನಾಲ್ವರು 2 ಸ್ಥಾನಕ್ಕಾಗಿ ಆಡುತ್ತಾರೆ, ಮುಖ್ಯ ಡ್ರಾ 16ಕ್ಕೆ ನಿಲ್ಲುತ್ತದೆ. ಗ್ರ್ಯಾಂಡ್ ಸ್ಲಾಮ್‌ನ 128ರಲ್ಲಿ ರ‍್ಯಾಂಕಿಂಗ್ ಮೇಲೆ ಬರುವವರು 104, ಅರ್ಹತಾ ಸುತ್ತಿನಿಂದ 16, ವೈಲ್ಡ್ ಕಾರ್ಡ್‌ನಿಂದ (ಆಯೋಜಕರ ವಿಶೇಷ ಆಹ್ವಾನದಿಂದ) 8.

ಹಂತ 3: ಸೀಡ್ ಯಾರು?

16ರ ಡ್ರಾಗೆ 4 ಸೀಡ್, 32ಕ್ಕೆ 8, 64ಕ್ಕೆ 16. ಅದಕ್ಕಿಂತ ಹೆಚ್ಚು ಬೇಡ.

ಸೀಡ್ ಕೊಡುವುದು ಬಲಾಬಲ ನೋಡಿ. ಅಖಿಲ ಭಾರತ ಟೆನಿಸ್ ಸಂಸ್ಥೆಯ ರ‍್ಯಾಂಕಿಂಗ್ ಇದ್ದವರು ಮೊದಲು, ಯಾವ ದಿನಾಂಕದ ಪಟ್ಟಿ ಎಂಬುದನ್ನೂ ನೋಟೀಸಿನಲ್ಲಿ ಹಾಕಿ. ರ‍್ಯಾಂಕಿಂಗ್ ಯಾರಿಗೂ ಇಲ್ಲದಿದ್ದರೆ ಹೋದ ವರ್ಷದ ಫಲಿತಾಂಶ ಹಿಡಿಯಿರಿ. ಅದೂ ಇಲ್ಲದಿದ್ದರೆ ಟೂರ್ನಿಯಲ್ಲಿ ಆಡದ ಮೂವರು ಜಾಣರಿಗೆ ಬೇರೆ ಬೇರೆಯಾಗಿ ಪಟ್ಟಿ ಮಾಡಲು ಹೇಳಿ, ಮೂರನ್ನೂ ಕೂಡಿಸಿ. ವಯಸ್ಸಿಗೆ, ಹುದ್ದೆಗೆ, ದೇಣಿಗೆ ಕೊಟ್ಟದ್ದಕ್ಕೆ ಸೀಡ್ ಕೊಡಬೇಡಿ. ಹಿರಿಯರಿಗೆ ಗೌರವ ಸಲ್ಲಿಸಲು ಬಹುಮಾನ ವಿತರಣೆಯ ವೇದಿಕೆ ಇದೆ. ಸೀಡ್ ತಪ್ಪಾದರೆ ನಿಜವಾಗಿ ಚೆನ್ನಾಗಿ ಆಡುವ ಇಬ್ಬರು ಮೊದಲ ಸುತ್ತಿನಲ್ಲೇ ಎದುರಾಗಿ, ಒಬ್ಬರು ಬೆಳಿಗ್ಗೆ 11ಕ್ಕೆ ಮನೆಗೆ ಹೊರಡುತ್ತಾರೆ. ಫೈನಲ್ ಸಪ್ಪೆಯಾಗುತ್ತದೆ.

9ನೆಯವರು, 10ನೆಯವರು ಯಾರು ಎಂದೂ ಈಗಲೇ ಗುಟ್ಟಾಗಿ ಬರೆದಿಡಿ. ಹಂತ 8ರಲ್ಲಿ ಬೇಕಾಗುತ್ತದೆ.

ಹಂತ 4: ಸೀಡ್‌ಗಳನ್ನು ಸಾಲಿಗೆ ಕೂರಿಸುವುದು

32ರ ಹಾಳೆಯಲ್ಲಿ 1ನೇ ಸೀಡ್ 1ನೇ ಸಾಲಿಗೆ, 2ನೇ ಸೀಡ್ 32ನೇ ಸಾಲಿಗೆ. ಇವೆರಡಕ್ಕೆ ಚೀಟಿ ಇಲ್ಲ.

3 ಮತ್ತು 4ನೇ ಸೀಡ್‌ಗಳಿಗೆ ಚೀಟಿ ಎತ್ತಬೇಕು. ಮೊದಲು ಬಂದ ಹೆಸರು 9ನೇ ಸಾಲಿಗೆ, ಇನ್ನೊಂದು 24ಕ್ಕೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಬೇರೆ ಆಟಗಳ ರೂಢಿಯಲ್ಲಿ 1ಕ್ಕೆ 4, 2ಕ್ಕೆ 3 ಎಂದು ಸೆಮಿಫೈನಲ್ ಗಂಟುಹಾಕಿಬಿಡುತ್ತಾರೆ. ಟೆನಿಸ್‌ನಲ್ಲಿ ಹಾಗಿಲ್ಲ, 3ನೇ ಸೀಡ್ ಅಗ್ರ ಸೀಡ್‌ನ ಅರ್ಧಕ್ಕೂ ಬೀಳಬಹುದು.

5ರಿಂದ 8ರವರೆಗಿನ ನಾಲ್ವರಿಗೆ ಒಟ್ಟಿಗೆ ಚೀಟಿ. ಎತ್ತಿದ ಕ್ರಮದಲ್ಲಿ 8, 16, 17, 25ನೇ ಸಾಲುಗಳು. ಹೀಗೆ ಕೂರಿಸಿದಾಗ ಎಂಟೆಂಟು ಸಾಲಿನ ಪ್ರತಿ ಕ್ವಾರ್ಟರ್‌ನಲ್ಲಿ ಮೊದಲ ನಾಲ್ವರಲ್ಲಿ ಒಬ್ಬರು, ಉಳಿದ ನಾಲ್ವರಲ್ಲಿ ಒಬ್ಬರು ಇರುತ್ತಾರೆ. 16ರ ಡ್ರಾ ಆದರೆ 1 ಮತ್ತು 16ನೇ ಸಾಲು ಮೊದಲಿಬ್ಬರಿಗೆ, 5 ಮತ್ತು 12ನೇ ಸಾಲು ಚೀಟಿಯಲ್ಲಿ 3, 4ನೇ ಸೀಡ್‌ಗಳಿಗೆ.

ಹಂತ 5: ಬೈಗಳನ್ನು ಬರೆಯುವುದು

ಬೈ ಮೊದಲು ಸೀಡ್‌ಗಳಿಗೆ, ಸೀಡ್‌ನ ಕ್ರಮದಲ್ಲೇ. ಸೀಡ್‌ನ ಜೋಡಿ ಸಾಲಿನಲ್ಲಿ "ಬೈ" ಎಂದು ಬರೆಯಿರಿ. 1ರ ಎದುರು 2, 32ರ ಎದುರು 31, 9ರ ಎದುರು 10, 24ರ ಎದುರು 23; ಹಾಗೆಯೇ 7, 15, 18, 26. ಇಲ್ಲಿಗೆ 8 ಬೈ ಮುಗಿಯಿತು.

ಉಳಿದ 9ನೇ ಬೈಯನ್ನು ಯಾರಿಗೆ ಬೇಕೋ ಅವರಿಗೆ ಕೊಡುವಂತಿಲ್ಲ. ಸೀಡ್ ಇಲ್ಲದ ಜೋಡಿ ಸಾಲುಗಳು ಎಂಟಿವೆ: 3-4, 5-6, 11-12, 13-14, 19-20, 21-22, 27-28, 29-30. ಅವುಗಳಿಗೆ 1ರಿಂದ 8ರ ಬಿಲ್ಲೆ ಹಾಕಿ ಒಂದನ್ನು ಎತ್ತಿ. ಆ ಜೋಡಿಯ ಒಂದು ಸಾಲಿಗೆ ಬೈ ಬರೆಯಿರಿ. ಇನ್ನೊಂದು ಸಾಲಿಗೆ ಹೆಸರು ಯಾವುದು ಬರುತ್ತದೋ ಇನ್ನೂ ಯಾರಿಗೂ ಗೊತ್ತಿಲ್ಲ. ಬೈಗಳನ್ನು ಹೆಸರುಗಳಿಗಿಂತ ಮೊದಲು ಬರೆಯಬೇಕು ಎನ್ನುವುದು ಇದಕ್ಕೇ. ಹೆಸರು ಕೂತ ಮೇಲೆ ಬೈ ಹಂಚಿದರೆ, ಎಷ್ಟೇ ಪ್ರಾಮಾಣಿಕವಾಗಿ ಹಂಚಿದರೂ, ಬೇಕಾದವರಿಗೆ ಕೊಟ್ಟಂತೆಯೇ ಕಾಣುತ್ತದೆ.

ಸೀಡ್‌ಗಳ ಆಚೆಗೂ ಎರಡು ಮೂರು ಬೈ ಉಳಿದರೆ ಒಂದೊಂದನ್ನು ಒಂದೊಂದು ಕಡೆಗೆ ಹಂಚಬೇಕು. 21 ಎಂಟ್ರಿಗೆ 11 ಬೈ. ಸೀಡ್‌ಗಳಿಗೆ 8 ಹೋಗಿ ಉಳಿದ ಮೂರರಲ್ಲಿ ಮೊದಲ ಎರಡು ಬೇರೆ ಬೇರೆ ಅರ್ಧಕ್ಕೆ, ಮೂರನೆಯದು ಈ ಹೆಚ್ಚಿನ ಬೈ ಬೀಳದ ಕ್ವಾರ್ಟರ್‌ಗೆ. ಬೈ ಕಡಿಮೆ ಇದ್ದರೆ ಮೇಲಿನ ಸೀಡ್‌ಗಳಿಗೆ ಮಾತ್ರ. 27 ಎಂಟ್ರಿಯಾದರೆ 5 ಬೈ, ಅಂದರೆ 1ರಿಂದ 5ನೇ ಸೀಡ್‌ವರೆಗೆ.

ಹಂತ 6: ಉಳಿದ ಹೆಸರುಗಳು

ಈಗ 15 ಸಾಲು ಖಾಲಿ, 15 ಹೆಸರು ಬಾಕಿ. ಹೆಸರುಗಳನ್ನು ಅಕಾರಾದಿಯಾಗಿ ಬರೆದು 1ರಿಂದ 15ರವರೆಗೆ ಸಂಖ್ಯೆ ಕೊಟ್ಟು, ಆ ಪಟ್ಟಿಯನ್ನು ಎಲ್ಲರಿಗೂ ಓದಿ ಹೇಳಿ. 15 ಬಿಲ್ಲೆ ಚೀಲಕ್ಕೆ ಹಾಕಿ. ಒಬ್ಬರು ಎತ್ತಲಿ, ಒಬ್ಬರು ಗಟ್ಟಿಯಾಗಿ ಓದಲಿ, ಮತ್ತೊಬ್ಬರು ಬರೆಯಲಿ. ಮೇಲಿನ ಖಾಲಿ ಸಾಲಿನಿಂದ ಕೆಳಗಿನವರೆಗೆ ಬಿಡದೆ ತುಂಬಿಕೊಂಡು ಬನ್ನಿ. ಎತ್ತಿದ ಬಿಲ್ಲೆ ಮತ್ತೆ ಚೀಲಕ್ಕೆ ಹೋಗಬಾರದು.

ಅಣ್ಣತಮ್ಮಂದಿರು, ಒಂದೇ ಒಕ್ಕದವರು (ಮನೆತನದವರು) ಮೊದಲ ಸುತ್ತಿನಲ್ಲೇ ಎದುರಾದರೆ "ಇದೊಂದು ಬದಲಾಯಿಸಿ" ಎಂಬ ಮಾತು ಬಂದೇ ಬರುತ್ತದೆ. ವೃತ್ತಿಪರ ಸಿಂಗಲ್ಸ್‌ನಲ್ಲಿ ಹಾಗೆ ಬೇರ್ಪಡಿಸುವುದಿಲ್ಲ. ಒಡಹುಟ್ಟಿದವರೂ ಚೀಟಿ ಬಿದ್ದಂತೆ ಆಡುತ್ತಾರೆ. ನಿಮ್ಮ ಟೂರ್ನಿಗೆ ಬೇರ್ಪಡಿಸುವ ನಿಯಮ ಬೇಕೇ ಬೇಕೆಂದರೆ ಎಂಟ್ರಿ ನೋಟೀಸಿನಲ್ಲೇ ಹಾಕಿ. ಬಿಲ್ಲೆ ಎತ್ತಿದ ಮೇಲೆ ಒಂದೇ ಒಂದು ಹೆಸರು ಸರಿಸಿದರೂ ಉಳಿದ ಎಲ್ಲರಿಗೂ ಸರಿಸಿಕೊಡಬೇಕಾಗುತ್ತದೆ.

ಹಂತ 7: ಸಹಿಗೆ ಮೊದಲು ಹಾಳೆ ಓದಿ

ಪೆನ್ನಿನಲ್ಲಿ ಬರೆಯುವ ಮೊದಲು ಕಚ್ಚಾ ಹಾಳೆಯನ್ನು ಡ್ರಾದಲ್ಲಿ ಕೈಯಾಡಿಸದ ಒಬ್ಬರಿಗೆ ಕೊಡಿ. ಅವರು ಹುಡುಕಬೇಕಾದ ಗುರುತುಗಳು ಇವು. ಒಂದು ಜೋಡಿಯ ಎರಡೂ ಸಾಲಿನಲ್ಲಿ ಬೈ ಇದೆಯೇ? ಇದ್ದರೆ ಮುಂದಿನ ಸುತ್ತಿನಲ್ಲಿ ಒಬ್ಬರು ಖಾಲಿ ಜಾಗದ ಎದುರು ನಿಲ್ಲುತ್ತಾರೆ. 1 ಮತ್ತು 2ನೇ ಸೀಡ್ ಒಂದೇ ಅರ್ಧದಲ್ಲಿದ್ದಾರೆಯೇ? ಯಾವುದಾದರೂ ಕ್ವಾರ್ಟರ್‌ನಲ್ಲಿ ಮೂರು ಸೀಡ್ ಇದೆಯೇ? ಒಂದೇ ಹೆಸರು ಎರಡು ಕಡೆ ಬಂದಿದೆಯೇ? ಹೆಸರುಗಳ ಮೊತ್ತ 23, ಬೈಗಳ ಮೊತ್ತ 9 ಆಗಿ 32 ತುಂಬುತ್ತದೆಯೇ?

ಎಲ್ಲ ಸರಿ ಇದ್ದರೆ ರೆಫರಿ ಮತ್ತು ಇಬ್ಬರು ಆಟಗಾರರು ಸಹಿ ಹಾಕಿ, ದಿನಾಂಕ, ಸಮಯ ಬರೆದು, ಫೋಟೋ ತೆಗೆದು ಎಲ್ಲರಿಗೂ ಕಳಿಸಿ.

ಹಂತ 8: ಡ್ರಾ ಆದ ಮೇಲೆ ಯಾರಾದರೂ ಹಿಂದೆ ಸರಿದರೆ

ಮತ್ತೆ ಡ್ರಾ ಹಾಕುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ತಮಗೆ ಬೇಡದ ಎದುರಾಳಿ ಬಿದ್ದವರೆಲ್ಲ ಅದನ್ನೇ ಕೇಳುತ್ತಾರೆ. ಮೊದಲ ದಿನದ ವೇಳಾಪಟ್ಟಿ ಹೊರಬಿದ್ದಿದೆಯೇ ಇಲ್ಲವೇ ಎಂಬುದರ ಮೇಲೆ ದಾರಿ ಎರಡು.

ವೇಳಾಪಟ್ಟಿ ಇನ್ನೂ ಹೊರಬಿದ್ದಿಲ್ಲ, ಹೋದವರು ಮೊದಲ ನಾಲ್ಕು ಸೀಡ್‌ಗಳಲ್ಲಿ ಒಬ್ಬರು: ಅವರ ಸಾಲಿಗೆ 5ನೇ ಸೀಡ್ ಬರಬೇಕು. 5ನೇ ಸೀಡ್ ಬಿಟ್ಟ ಸಾಲಿಗೆ ನೀವು ಗುಟ್ಟಾಗಿ ಬರೆದಿಟ್ಟ 9ನೆಯವರು, ಅವರು ಬಿಟ್ಟ ಸಾಲಿಗೆ ಕಾಯುವ ಪಟ್ಟಿಯ ಮೊದಲಿಗರು. ಹೋದವರು 5ರಿಂದ 8ರೊಳಗಿನವರಾದರೆ 9ನೆಯವರು ನೇರ ಆ ಸಾಲಿಗೆ. ಬೇರೆ ಯಾರೂ ಅಲುಗಬಾರದು.

ವೇಳಾಪಟ್ಟಿ ಹೊರಬಿದ್ದಾಗಿದೆ: ಕಾಯುವ ಪಟ್ಟಿಯವರು ಖಾಲಿಯಾದ ಸಾಲಿಗೇ ನೇರ ಹೋಗುತ್ತಾರೆ, ಅದು ಅಗ್ರ ಸೀಡ್‌ನ ಸಾಲೇ ಆಗಿದ್ದರೂ. ಆ ಸಾಲಿಗೆ ಬೈ ಇದ್ದರೆ ಬೈಯೂ ಅವರಿಗೇ. ಅನ್ಯಾಯ ಅನಿಸಬಹುದು, ಆದರೆ ವೃತ್ತಿಪರ ಟೂರ್ನಿಯಲ್ಲಿ ಅರ್ಹತಾ ಸುತ್ತಿನ ಕೊನೆಯಲ್ಲಿ ಸೋತು ಮತ್ತೆ ಅವಕಾಶ ಪಡೆಯುವ ಲಕ್ಕಿ ಲೂಸರ್‌ಗೂ ಇದೇ ನಿಯಮ. ಕಾಯುವ ಪಟ್ಟಿಯಲ್ಲಿ ಯಾರೂ ಇಲ್ಲದಿದ್ದರೆ ಎದುರಾಳಿಗೆ ವಾಕ್‌ಓವರ್. ಎದುರಾಳಿ ಒಂದು ಪಂದ್ಯ ಆಡಿದ ಮೇಲೆ ಆ ಸಾಲಿಗೆ ಹೊಸಬರನ್ನು ತರುವಂತಿಲ್ಲ.

ಸಮಯಕ್ಕೆ ಸರಿಯಾಗಿ ಕೊಟ್ಟ ಎಂಟ್ರಿಯೇ ನಿಮ್ಮ ಕೈತಪ್ಪಿನಿಂದ ಬಿಟ್ಟುಹೋಗಿದ್ದರೆ, ಮೊದಲ ಪಂದ್ಯ ಶುರುವಾಗುವ ಮುಂಚೆ, ಸೀಡ್ ಇಲ್ಲದವರ ಎದುರಿನ ಬೈ ಸಾಲಿನಲ್ಲಿ ಅವರನ್ನು ಕೂರಿಸಿ. ಉದಾಹರಣೆಯಲ್ಲಿ ಅದು 9ನೇ ಬೈ.

ಹಂತ 9: ವೇಳಾಪಟ್ಟಿ

ಮೂರು ಸೆಟ್‌ಗಳ ಪಂದ್ಯ, ಮೂರನೇ ಸೆಟ್ ಬದಲು 10 ಪಾಯಿಂಟ್‌ನ ಮ್ಯಾಚ್ ಟೈಬ್ರೇಕ್ ಎಂದಿಟ್ಟುಕೊಂಡರೆ ಒಂದು ಪಂದ್ಯಕ್ಕೆ, ಅಂಕಣ ಗುಡಿಸುವುದೂ ಸೇರಿ, 90 ನಿಮಿಷ ಮೀಸಲಿಡಿ. ಎರಡು ಅಂಕಣ, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಎಂದರೆ ದಿನಕ್ಕೆ 12 ಪಂದ್ಯ. 22 ಪಂದ್ಯ ಎರಡು ದಿನಕ್ಕೆ ಮುಗಿಯುತ್ತದೆ ಎಂದು ಕಾಗದದ ಮೇಲೆ ಕಾಣುತ್ತದೆ; ಮುಗಿಯುವುದಿಲ್ಲ. ಮೊದಲ ಎರಡು ಸುತ್ತಿಗೇ 15 ಪಂದ್ಯ. ಅವೆಲ್ಲ ಶನಿವಾರವೇ ಮುಗಿದರೂ ಫೈನಲ್ ತಲುಪುವವರು ಭಾನುವಾರ ಒಂದೇ ದಿನ ಮೂರು ಪಂದ್ಯ ಆಡಬೇಕಾಗುತ್ತದೆ. ಗಾಯಕ್ಕೆ ಅದೇ ಆಹ್ವಾನ.

ಎರಡು ವಾರಾಂತ್ಯಕ್ಕೆ ಹಂಚುವುದು ಸರಿ. ಮೊದಲ ಶನಿವಾರ 7 ಪಂದ್ಯ, ಭಾನುವಾರ 8. ಎರಡನೇ ಶನಿವಾರ ಕ್ವಾರ್ಟರ್‌ಫೈನಲ್ 4, ಭಾನುವಾರ ಬೆಳಿಗ್ಗೆ ಎರಡೂ ಸೆಮಿಫೈನಲ್ ಒಂದೇ ಹೊತ್ತಿಗೆ, ಮಧ್ಯಾಹ್ನ ಫೈನಲ್. ಮೂರನೇ ಸ್ಥಾನದ ಪಂದ್ಯ ಬೇಡ. ಒಲಿಂಪಿಕ್ಸ್ ಬಿಟ್ಟರೆ ದೊಡ್ಡ ಟೂರ್ನಿಗಳಲ್ಲಿ ಅದು ಇಲ್ಲ. ಸೋತ ಇಬ್ಬರು ಸೆಮಿಫೈನಲಿಸ್ಟರಿಗೂ ಸಮಾನ ಬಹುಮಾನ ಕೊಡಿ.

ಇಲ್ಲಿ ನಮ್ಮ ಹವಾಮಾನದ ಮಾತು. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜಿಗೆ ಗೆರೆಗಳು ಒದ್ದೆಯಾಗಿ ಜಾರುತ್ತವೆ. 9ಕ್ಕೆ ಬದಲು 9.30 ಎಂದು ಬರೆದರೆ ದಿನವಿಡೀ ಸುಳ್ಳು ಹೇಳುವುದು ತಪ್ಪುತ್ತದೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಆಗ ಮುಖ್ಯ ಪಂದ್ಯವನ್ನು ಸಂಜೆಗೆ ಎತ್ತಿಡಬೇಡಿ. ಮಣ್ಣಿನ ಅಂಕಣದಲ್ಲಿ ನೀರು ನಿಂತರೆ ಪೊರಕೆಯಿಂದ ತಳ್ಳಲು ಹೋಗಿ ಮೇಲ್ಪದರವನ್ನೇ ಕಿತ್ತುಹಾಕುವುದುಂಟು. ಸ್ಪಂಜಿನಿಂದ ಹೀರಿಸಿ, ಹೆಜ್ಜೆಗುರುತು ಬೀಳದಷ್ಟು ಒಣಗಿದ ಮೇಲೆ ರೋಲರ್ ಹಾಕಿ.

ಅನಿವಾರ್ಯವಾಗಿ ಒಬ್ಬರಿಗೆ ದಿನಕ್ಕೆ ಎರಡು ಪಂದ್ಯ ಬಂದರೆ ವಿಶ್ರಾಂತಿ ಹೀಗಿರಲಿ: ಹಿಂದಿನ ಪಂದ್ಯ ಒಂದು ಗಂಟೆಯೊಳಗೆ ಮುಗಿದಿದ್ದರೆ ಅರ್ಧ ಗಂಟೆ, ಒಂದರಿಂದ ಒಂದೂವರೆ ಗಂಟೆಯಾಗಿದ್ದರೆ ಒಂದು ಗಂಟೆ, ಅದಕ್ಕೂ ಮೇಲಾಗಿದ್ದರೆ ಒಂದೂವರೆ ಗಂಟೆ. ಮುಂದೆ ಪರಸ್ಪರ ಎದುರಾಗುವವರ ಪಂದ್ಯಗಳನ್ನು ಒಂದೇ ದಿನ ಮುಗಿಸಿ. ಒಬ್ಬರು ಶನಿವಾರ, ಇನ್ನೊಬ್ಬರು ಭಾನುವಾರ ಬೆಳಿಗ್ಗೆ ಆಡಿ ಮಧ್ಯಾಹ್ನ ಎದುರಾದರೆ ದಣಿವೇ ಪಂದ್ಯ ತೀರ್ಮಾನಿಸುತ್ತದೆ.

ವೇಳಾಪಟ್ಟಿಯನ್ನು ಹಿಂದಿನ ಸಂಜೆಯೇ ಕಳಿಸಿ. ದಿನದ ಮೊದಲ ಪಂದ್ಯಕ್ಕೆ ಮಾತ್ರ ಖಚಿತ ಸಮಯ, ಉಳಿದವಕ್ಕೆ "ಹಿಂದಿನದು ಮುಗಿದ ಮೇಲೆ", ದೂರದವರಿಗೆ "11ಕ್ಕಿಂತ ಮುಂಚೆ ಇಲ್ಲ". ಕರೆದು 15 ನಿಮಿಷದೊಳಗೆ ಬಾರದಿದ್ದರೆ ಪಂದ್ಯ ಎದುರಾಳಿಗೆ. ಸಿದ್ದಾಪುರ ರಸ್ತೆಯಲ್ಲಿ ಆನೆ ಅಡ್ಡ ನಿಂತಿತ್ತು ಎಂದು ಫೋನ್ ಬಂದರೆ ಆ ಪಂದ್ಯವನ್ನು ಹಿಂದಕ್ಕೆ ಸರಿಸಲು ರೆಫರಿಗೆ ಅಧಿಕಾರ ಇರಲಿ, ಆದರೆ ಫೋನ್ ಬರಬೇಕಾದ್ದು 15 ನಿಮಿಷ ಮುಗಿಯುವ ಮುಂಚೆ.

ಹಂತ 10: ಅಂಕಣದಲ್ಲಿ ಸಿಂಗಲ್ಸ್‌ಗೆ ಮಾತ್ರ ಬೇಕಾದದ್ದು

ಕ್ಲಬ್‌ಗಳಲ್ಲಿ ಕಟ್ಟಿರುವುದು ಡಬಲ್ಸ್ ನೆಟ್. ಅದರ ಎತ್ತರ ಕಂಬದ ಬಳಿ 1.07 ಮೀಟರ್, ನಡುವೆ 0.914 ಮೀಟರ್. ಹಾಗೆಯೇ ಬಿಟ್ಟು ಸಿಂಗಲ್ಸ್ ಆಡಿಸಿದರೆ ಸಿಂಗಲ್ಸ್ ಗೆರೆಯ ಮೇಲೆ ನೆಟ್ ಇರಬೇಕಾದ್ದಕ್ಕಿಂತ ತಗ್ಗಿರುತ್ತದೆ. ಗೆರೆಗುಂಟ ಹೊಡೆಯುವವರಿಗೆ ಸುಮ್ಮನೆ ಲಾಭ. ಅದಕ್ಕೇ ಸಿಂಗಲ್ಸ್ ಸ್ಟಿಕ್ ಬೇಕು: 1.07 ಮೀಟರ್ ಎತ್ತರದ ಎರಡು ಕೋಲು, ಎರಡೂ ಬದಿ ಸಿಂಗಲ್ಸ್ ಗೆರೆಯಿಂದ 0.914 ಮೀಟರ್ ಹೊರಗೆ ನೆಟ್‌ನ ಅಡಿಗೆ ಕೊಟ್ಟು ನಿಲ್ಲಿಸಬೇಕು. ದಪ್ಪ 7.5 ಸೆಂಟಿಮೀಟರ್ ಮೀರಬಾರದು. ಅಂಗಡಿಯಲ್ಲಿ ಸಿಗದಿದ್ದರೆ ಬಡಗಿಯ ಬಳಿ ಅಳತೆ ಕೊಟ್ಟು ಮಾಡಿಸಿ. ಕೋಲಿನಾಚೆಗಿನ ನೆಟ್ ಮತ್ತು ಕಂಬ ಸಿಂಗಲ್ಸ್ ಪಂದ್ಯದಲ್ಲಿ ನೆಟ್‌ನ ಭಾಗವೇ ಅಲ್ಲ.

ಚೆಂಡು ಕೊಳ್ಳುವಾಗ ಬೆಟ್ಟದ ಊರು ಎಂದು ಎತ್ತರ ಪ್ರದೇಶದ ಚೆಂಡು ತರಬೇಡಿ. ಅದು 1,219 ಮೀಟರ್‌ಗಿಂತ ಮೇಲಿನ ಊರುಗಳಿಗೆ. ಮಡಿಕೇರಿ ಸುಮಾರು 1,150 ಮೀಟರ್, ಉಳಿದ ಪಟ್ಟಣಗಳು ಇನ್ನೂ ತಗ್ಗು. ಪಂದ್ಯಕ್ಕೆ ಮೂರು ಹೊಸ ಚೆಂಡು ಕೊಡಿ. ಒದ್ದೆ ಮಣ್ಣಿನಲ್ಲಿ ಚೆಂಡಿನ ರೋಮ ನೀರು ಕುಡಿದು ಭಾರವಾಗುತ್ತದೆ, ಭುಜಕ್ಕೆ ಪೆಟ್ಟು ಅಲ್ಲಿಂದ. ಹಾಗಾದಾಗ ಸೆಟ್ ಮುಗಿದ ಮೇಲೆ ಬದಲಿಸಿ.

ಹಂತ 11: ಫಲಿತಾಂಶ ತುಂಬುವುದು

ಗೆದ್ದವರ ಹೆಸರನ್ನು ಮುಂದಿನ ಸುತ್ತಿನ ಸಾಲಿಗೆ ಬರೆದು ಕೆಳಗೆ ಸ್ಕೋರ್, ಯಾವಾಗಲೂ ಗೆದ್ದವರ ಕಡೆಯಿಂದ: 6-4, 3-6, [10-7]. ಚೌಕ ಆವರಣ ಮ್ಯಾಚ್ ಟೈಬ್ರೇಕ್‌ನ ಗುರುತು. ಸ್ಕೋರನ್ನು ಗೆದ್ದವರೇ ಬಂದು ಹೇಳಬೇಕು, ಚೆಂಡನ್ನೂ ಅವರೇ ಒಪ್ಪಿಸಬೇಕು ಎಂಬ ರೂಢಿ ಹಾಕಿದರೆ ಹಾಳೆ ಖಾಲಿ ಉಳಿಯುವುದಿಲ್ಲ.

ವಾಕ್‌ಓವರ್ ಮತ್ತು ನಿವೃತ್ತಿಯನ್ನು ಬೆರೆಸಬೇಡಿ. ಒಂದು ಚೆಂಡೂ ಆಡದೆ ಬಿಟ್ಟರೆ ವಾಕ್‌ಓವರ್, ಸ್ಕೋರ್ ಬರೆಯುವಂತಿಲ್ಲ. ಆಟ ಶುರುವಾಗಿ ನಡುವೆ ಗಾಯದಿಂದ ನಿಂತರೆ ಆಡಿದಷ್ಟು ಸ್ಕೋರ್ ಬರೆದು ಪಕ್ಕದಲ್ಲಿ "ನಿವೃತ್ತಿ": 6-3, 2-1 ನಿವೃತ್ತಿ. ಬೈ ಸಿಕ್ಕಿ, ಮುಂದಿನ ಸುತ್ತಿನಲ್ಲಿ ವಾಕ್‌ಓವರೂ ಸಿಕ್ಕಿ, ಒಂದೂ ಪಂದ್ಯ ಆಡದೆ ಕ್ವಾರ್ಟರ್‌ಫೈನಲ್ ತಲುಪಿದವರು ಯಾರು ಎಂದು ಈ ಹಾಳೆಯಿಂದಲೇ ತಿಳಿಯಬೇಕು. ಮುಂದಿನ ವರ್ಷ ಸೀಡ್ ಪಟ್ಟಿ ಮಾಡುವಾಗ ಅಂಥ ಕ್ವಾರ್ಟರ್‌ಫೈನಲನ್ನು ಗೆಲುವಿನ ಲೆಕ್ಕಕ್ಕೆ ಹಿಡಿಯಬಾರದು.